ರಸ್ತೆಯ ಅಂದ, ರಸ್ತೆಯ ವೇಗ, ರಸ್ತೆ ಪಕ್ಕದ ರೈತ

ಬೆಳೆಗಾರ ಬಂಧುಗಳು ಈ ಪುಟದಲ್ಲಿ ಧಾರಣೆ, ಗೊಬ್ಬರ, ಕೊಳೆರೋಗ, ಕಾಂಡಕೊರಕ ಇವುಗಳ ವಿಷಯವನ್ನು ನಿರೀಕ್ಷಿಸುವುದು ಸಹಜ. ಈ ಸಲ ನಾವು ರಸ್ತೆಯ ವಿಷಯವನ್ನು ಎತ್ತಿಕೊಂಡಿದ್ದೇವೆ. ಅದರಲ್ಲೂ ನಮ್ಮ ಘಟ್ಟದ ರಸ್ತೆಗಳನ್ನು ಬದಿಗಿಟ್ಟು, ಬೆಳಗಾವಿ ಜಿಲ್ಲೆಯ ಉತ್ತರ ಭಾಗದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ರಸ್ತೆಗಳನ್ನು ಆರಿಸಿಕೊಂಡಿದ್ದೇವೆ. ಕಬ್ಬು, ತಂಬಾಕು, ಜೋಳ ಬೆಳೆಯುವ ಆ ಎರೆ ಭೂಮಿಯ ಗೊಡವೆ ಕಾಫಿ, ಅಡಿಕೆಯವರಾದ ನಮಗೇಕೆ ಎಂದು ಕೆಲವರು ಕೇಳಬಹುದು. ಕಾರಣವಿದೆ.

ಪುಣೆ, ಮುಂಬಯಿ, ಗುಜರಾತಿನ ಕಡೆಗೆ ಹೋಗುವ ನಮ್ಮ ಅಡಿಕೆ ಲಾರಿಗಳಲ್ಲಿ ಹೆಚ್ಚಿನವು ಹುಬ್ಬಳ್ಳಿ, ಬೆಳಗಾವಿ, ಸಂಕೇಶ್ವರ ದಾಟಿ ನಿಪ್ಪಾಣಿಯ ಮೇಲೆಯೇ ಮಹಾರಾಷ್ಟ್ರವನ್ನು ಪ್ರವೇಶಿಸುತ್ತವೆ. ಹಿಂದೆ ರಾಷ್ಟ್ರೀಯ ಹೆದ್ದಾರಿ 4 ಎನ್ನುತ್ತಿದ್ದ, 2010ರ ನಂತರ 48 ಎಂಬ ಸಂಖ್ಯೆ ಪಡೆದ ರಸ್ತೆಯಿದು. ಬೀಡಿ ತಂಬಾಕಿಗೆ ಹೆಸರಾದ ನಿಪ್ಪಾಣಿಯ ರೈತನಿಗೂ ಅಡಿಕೆ ಬೆಳೆಯುವ ನಮಗೂ ಮಾರುಕಟ್ಟೆಯ ಕಷ್ಟಸುಖಗಳು ಹೆಚ್ಚುಕಡಿಮೆ ಒಂದೇ ಬಗೆಯವು. ದರವನ್ನು ದೂರದ ಪೇಟೆಯವರು ಕಟ್ಟುತ್ತಾರೆ, ಸರಕಾರದ ಒಂದು ಆದೇಶಕ್ಕೆ ಪೇಟೆ ಅಲ್ಲಾಡುತ್ತದೆ, ಮಾಲು ಮಾತ್ರ ರಸ್ತೆಯ ಮೇಲೆಯೇ ಹೋಗಬೇಕು. ಎರಡನೆಯದಾಗಿ, ರಸ್ತೆಯ ಬಗ್ಗೆ ಆ ಐದು ತಾಲ್ಲೂಕುಗಳಲ್ಲಿ ಇಂದು ನಡೆಯುತ್ತಿರುವ ಚರ್ಚೆ ನಮ್ಮ ಊರುಗಳಲ್ಲಿಯೂ ನಡೆಯಬೇಕಾದ ಚರ್ಚೆಯೇ ಆಗಿದೆ. ಅಲ್ಲಿಯವರು ಅನುಭವಿಸಿದ್ದನ್ನು ನೋಡಿ ನಾವು ಮುಂಚಿತವಾಗಿ ಎಚ್ಚರಗೊಂಡರೆ ಲಾಭ ನಮ್ಮದು.

ಆ ಕಡೆಯ ಜನರೊಡನೆ ಮಾತನಾಡಿದಾಗ ಮುಖ್ಯವಾಗಿ ಮೂರು ಬಗೆಯ ಅಭಿಪ್ರಾಯ ಕೇಳಿಬರುತ್ತದೆ. ರಸ್ತೆ ಅಂದವಾಗಿರಬೇಕು, ಪ್ರವಾಸಿಗರು ಬರಬೇಕು ಎನ್ನುವವರು ಕೆಲವರು. ಅಂದ ಆಮೇಲೆ, ಮೊದಲು ಬೇಗ ಹೋಗಿ ಬೇಗ ಬರುವಂತಾಗಲಿ ಎನ್ನುವವರು ಹಲವರು. ಊರ ಬಾಗಿಲಿನ ವೃತ್ತದಲ್ಲಿ ನಮ್ಮವರ ಮೂರ್ತಿ ನಿಲ್ಲಲಿ ಎನ್ನುವವರು ಇನ್ನು ಕೆಲವರು. ಮೂರರಲ್ಲಿಯೂ ನ್ಯಾಯವಿದೆ. ಆದರೆ ರಸ್ತೆಗೆ ಹೊಲವನ್ನು ಕೊಟ್ಟವನು, ಮಳೆಗಾಲದಲ್ಲಿ ಅದರ ನೀರನ್ನು ತನ್ನ ಬೆಳೆಯ ಮೇಲೆ ಹೊರುವವನು, ದಿನಕ್ಕೆ ನಾಲ್ಕು ಸಲ ದನ ಹೊಡೆದುಕೊಂಡು ಅದನ್ನು ದಾಟುವವನು, ಇವನ ಮಾತು ಈ ಮೂರರಲ್ಲಿ ಎಲ್ಲಿ ಬಂತು? ರಸ್ತೆಯ ಯಾವ ಯೋಜನೆಯನ್ನಾದರೂ ಈ ಒಂದು ಪ್ರಶ್ನೆಯಿಂದ ಅಳೆದು ನೋಡಬೇಕೆಂಬುದು ನಮ್ಮ ಅಭಿಪ್ರಾಯ.

ಅಂದದ ರಸ್ತೆ

ಮೊದಲು ಅಂದದ ಮಾತು. ಐದು ತಾಲ್ಲೂಕುಗಳಲ್ಲಿ ಹೆಚ್ಚಿನದು ಬಯಲು ನೆಲ. ಘಾಟಿ ಎಂದು ಹೇಳಿಕೊಳ್ಳಲು ನಿಪ್ಪಾಣಿಯ ಹತ್ತಿರದ ತವಂದಿ ಘಾಟ್ ಇದೆ. ಅಲ್ಲಿಯೇ ಸ್ತವನಿಧಿಯ ಜೈನ ಕ್ಷೇತ್ರ. ನಮ್ಮ ಚಾರ್ಮಾಡಿ, ಆಗುಂಬೆಗಳನ್ನು ಕಂಡವರಿಗೆ ತವಂದಿ ಒಂದು ಸಣ್ಣ ಏರಿನಂತೆ ತೋರೀತು. ಆದರೆ ಇಳಿಜಾರಿನಲ್ಲಿ ಭಾರದ ಲಾರಿಗಳು ಹಿಡಿತ ತಪ್ಪಿ ಆಗಿರುವ ಅಪಘಾತಗಳಿಂದಾಗಿ ಆ ಭಾಗದ ಚಾಲಕರಿಗೆ ಅದು ಸಣ್ಣದಲ್ಲ. ಮಳೆಗಾಲದ ನೋಟ ಬೇಕೆನ್ನುವವರು ಸಂಕೇಶ್ವರದಿಂದ ಆಜರಾ ಮಾರ್ಗವಾಗಿ ಆಂಬೋಲಿ ಘಾಟಿಗೆ ಹೋಗುತ್ತಾರೆ. ಹಾಗೆ ಹೋಗುವವರು ನಮ್ಮೂರಲ್ಲಿಯೂ ಒಂದು ಗಳಿಗೆ ನಿಲ್ಲಲಿ, ಚಹದ ಅಂಗಡಿಗೆ, ಬೆಲ್ಲದ ವ್ಯಾಪಾರಕ್ಕೆ ನಾಲ್ಕು ಕಾಸು ಬರಲಿ ಎಂದು ಅಲ್ಲಿಯವರು ಆಶಿಸಿದರೆ ತಪ್ಪೇನಿಲ್ಲ.

ಈ ವಿಷಯದಲ್ಲಿ ಮಲೆನಾಡಿನ ನಮಗೆ ಅನುಭವ ಸಾಕಷ್ಟಿದೆ. ನೋಟದ ರಸ್ತೆಯೆಂದರೆ ತಿರುವುಗಳಲ್ಲಿ ಅಡ್ಡಾದಿಡ್ಡಿ ನಿಂತ ಕಾರುಗಳು, ತೋಟದ ಬೇಲಿಯೊಳಗೆ ಬಂದು ಬೀಳುವ ಬಾಟಲಿ ಮತ್ತು ಪ್ಲಾಸ್ಟಿಕ್, ಶನಿವಾರ ಭಾನುವಾರ ರೋಗಿಯನ್ನು ಕರೆದೊಯ್ಯುವ ಗಾಡಿಗೂ ದಾರಿ ಸಿಗದಿರುವುದು ಎಂಬುದನ್ನು ನಾವು ಕಂಡಿದ್ದೇವೆ. ಹಣ ಬರುವುದು ಹೆಚ್ಚಾಗಿ ಹೋಟೆಲು, ವಸತಿಗೃಹ ಕಟ್ಟಿದವರಿಗೆ. ಕಸ ಬರುವುದು ರಸ್ತೆ ಪಕ್ಕದ ತೋಟದವನಿಗೆ. ಗಾಡಿ ನಿಲ್ಲಿಸಲು ಜಾಗ, ಶೌಚಾಲಯ, ಕಸ ಎತ್ತುವ ವ್ಯವಸ್ಥೆ ಈ ಮೂರನ್ನು ಮೊದಲು ಮಾಡಿ, ಆಮೇಲೆ ವೀಕ್ಷಣಾ ಸ್ಥಳದ ಫಲಕ ಹಾಕಬೇಕು. ಈ ಮಾತನ್ನು ತವಂದಿಯವರಿಗೂ ಹೇಳುತ್ತೇವೆ, ನಮ್ಮವರಿಗೂ ಹೇಳುತ್ತೇವೆ.

ರಸ್ತೆಗೆ ಅಂದ ಕೊಡುವುದು ಮರ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನವರೆಗೆ 385 ಆಲದ ಮರಗಳನ್ನು ನೆಟ್ಟು ಬೆಳೆಸಿದ ಸಾಲುಮರದ ತಿಮ್ಮಕ್ಕನವರು 2025ರ ನವೆಂಬರಿನಲ್ಲಿ ತೀರಿಕೊಂಡರು. ಅವರಿಗೆ 2019ರಲ್ಲಿ ಪದ್ಮಶ್ರೀ ದೊರೆಯಿತು. ಅದೇ ವರ್ಷ ರಸ್ತೆ ಅಗಲಿಸುವ ಯೋಜನೆಯಲ್ಲಿ ಅವರ ಮರಗಳಿಗೇ ಕೊಡಲಿಯ ಭಯ ಬಂತು. ಆ ತಾಯಿಯೇ ಸರಕಾರದ ಮುಂದೆ ಹೋಗಿ ಕೇಳಿಕೊಂಡ ಮೇಲೆ ಮರಗಳನ್ನು ಉಳಿಸುವ ಭರವಸೆ ದೊರೆಯಿತು. ದೇಶವೇ ಗೌರವಿಸಿದವರ ಮರಗಳ ಗತಿ ಹೀಗಾದರೆ, ಅಥಣಿಯ ದಾರಿಯ ಹೆಸರಿಲ್ಲದ ಬೇವಿನ ಮರ, ಹುಣಸೆ ಮರಗಳ ಪರವಾಗಿ ಯಾರು ಹೋಗಿ ಕೇಳುತ್ತಾರೆ?

ಕೇಂದ್ರ ಸರಕಾರದ 2015ರ ಹಸಿರು ಹೆದ್ದಾರಿ ನೀತಿಯ ಪ್ರಕಾರ ಹೆದ್ದಾರಿ ಯೋಜನೆಯ ಒಟ್ಟು ವೆಚ್ಚದಲ್ಲಿ ಶೇಕಡಾ 1ರಷ್ಟನ್ನು ಗಿಡ ನೆಡುವುದಕ್ಕೂ ಅವುಗಳ ಪೋಷಣೆಗೂ ಮೀಸಲಿಡಬೇಕು. ನಮ್ಮ ಕಣ್ಣಿಗೆ ಬೀಳುವುದು ಹೆಚ್ಚಾಗಿ ಎರಡು ಪಥಗಳ ನಡುವಿನ ಹೂವಿನ ಗಿಡಗಳು. ಹೂವು ಚೆಂದವೇ ಹೌದು, ಆದರೆ ವೈಶಾಖದ ಬಿಸಿಲಿನಲ್ಲಿ ಬಸ್ಸಿಗೆ ಕಾದು ನಿಂತವನಿಗೆ ಅದರ ನೆರಳು ಸಿಗುವುದಿಲ್ಲ. ರಸ್ತೆಯ ಮರದ ನೆರಳಿಗೆ ಬದುವಿನ ಪಕ್ಕದ ಕಬ್ಬು ಏಳುವುದಿಲ್ಲ, ಬೇರು ನೀರನ್ನೆಲ್ಲ ಎಳೆದುಕೊಳ್ಳುತ್ತದೆ ಎಂಬ ದೂರು ಅಲ್ಲಿಯ ರೈತರಲ್ಲಿದೆ. ಅದು ಸುಳ್ಳಲ್ಲ. ನೆರಳಿನ ಲೆಕ್ಕ ಬಲ್ಲ ಕಾಫಿ ಬೆಳೆಗಾರರು ಇದಕ್ಕೆ ಉತ್ತರ ಹೇಳಬಲ್ಲರು. ನಾವು ವರ್ಷವರ್ಷವೂ ಮರಗಸಿ ಮಾಡಿ ನೆರಳನ್ನು ಹದಕ್ಕೆ ತರುತ್ತೇವೆ, ಮರವನ್ನೇ ಉರುಳಿಸುವುದಿಲ್ಲ. ಮರಗಸಿಯ ಹೊಣೆಯನ್ನು ಗ್ರಾಮ ಪಂಚಾಯಿತಿಗೆ ಕೊಟ್ಟು, ಸೌದೆ ಸೊಪ್ಪಿನ ಹಕ್ಕನ್ನು ಪಕ್ಕದ ಹೊಲದವನಿಗೆ ಬಿಟ್ಟರೆ ಅವನೇ ಆ ಮರವನ್ನು ಕಾಯುತ್ತಾನೆ.

ವೇಗದ ರಸ್ತೆ

ಹೆದ್ದಾರಿ ಬೇಡವೆನ್ನುವ ಹಕ್ಕು ನಮಗಿಲ್ಲ. ಕಾಗವಾಡ, ಶೇಡಬಾಳದ ಕಡೆಯವರು ದೊಡ್ಡ ಕಾಯಿಲೆ ಬಂದರೆ ಮಿರಜಿನ ಆಸ್ಪತ್ರೆಗಳಿಗೆ ಓಡುತ್ತಾರೆ. ನಿಪ್ಪಾಣಿಯ ಸುತ್ತಿನ ಹುಡುಗರು ಕಾಗಲ್, ಕೊಲ್ಲಾಪುರದ ಕಾರಖಾನೆಗಳಿಗೆ ದಿನವೂ ಹೋಗಿ ಬರುತ್ತಾರೆ. ಅಥಣಿ, ರಾಯಬಾಗದ ವಿದ್ಯಾರ್ಥಿಗಳಿಗೆ ಬೆಳಗಾವಿ ದೂರ. ರಾಯಬಾಗ, ಕುಡಚಿ, ಉಗಾರ, ಶೇಡಬಾಳದವರಿಗೆ ಮಿರಜಿನ ರೈಲುದಾರಿಯಾದರೂ ಇದೆ. ಅಥಣಿ, ಚಿಕ್ಕೋಡಿ, ನಿಪ್ಪಾಣಿ ಪಟ್ಟಣಗಳಿಗೆ ರೈಲೂ ಇಲ್ಲ, ಇರುವುದು ರಸ್ತೆಯೊಂದೇ. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಅಲ್ಲಿ ಒಳ್ಳೆಯ ರಸ್ತೆ ಮಾಡುವುದೂ ಸುಲಭವಲ್ಲ, ಮಾಡಿದ್ದನ್ನು ಉಳಿಸುವುದೂ ಸುಲಭವಲ್ಲ. ಹೀಗಿರುವಾಗ ಅಗಲವಾದ, ಗಟ್ಟಿಯಾದ ರಸ್ತೆಯನ್ನು ಬೇಡುವವರನ್ನು ಹಳ್ಳಿಯ ನೆಮ್ಮದಿ ಕೆಡಿಸುವವರೆಂದು ಟೀಕಿಸುವುದು ಸರಿಯಲ್ಲ.

ಆದರೆ ರಸ್ತೆ ಯಾರ ವೇಗಕ್ಕಾಗಿ? ಸುವರ್ಣ ಚತುಷ್ಪಥ ಯೋಜನೆಯಲ್ಲಿ ನಾಲ್ಕು ಪಥವಾದ ಪುಣೆ-ಬೆಂಗಳೂರು ಹೆದ್ದಾರಿಯನ್ನು ಈಗ ಆರು ಪಥಕ್ಕೆ ಅಗಲಿಸುವ ಕೆಲಸ ನಡೆದಿದೆ. ಅದರ ಮೇಲೆ ಹೋಗುವ ಕಾರಿಗೆ ಒಂದು ಊರು ಒಂದು ನಿಮಿಷದ ಮಾತು. ಪಕ್ಕದ ರೈತನಿಗೆ ಎದುರಿನ ತನ್ನದೇ ಹೊಲ ತಲುಪಲು ಕೆಳಸೇತುವೆಯವರೆಗೆ ಹೋಗಿ ಸುತ್ತಿ ಬರಬೇಕು. ಸುತ್ತಲಾರದೆ ಅವನು ಬೈಕನ್ನು ಎದುರು ದಿಕ್ಕಿನಲ್ಲಿ ಓಡಿಸುತ್ತಾನೆ, ಅಪಘಾತವಾದರೆ ತಪ್ಪು ಅವನದಾಗುತ್ತದೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರುಗಳು, ಎತ್ತಿನ ಗಾಡಿಗಳು ಸಾಲುಗಟ್ಟಿ ಕಾರಖಾನೆಗೆ ಹೋಗುತ್ತವೆ. ಹಿಂದೆ ಕೆಂಪು ಪ್ರತಿಫಲಕವಿಲ್ಲದ ಟ್ರಾಲಿ ರಾತ್ರಿಯ ಹೊತ್ತು ವೇಗದ ವಾಹನಕ್ಕೆ ಕಾಣುವುದಿಲ್ಲ. ಪ್ರತಿಫಲಕ ಹಚ್ಚುವುದು ರೈತನ, ಕಾರಖಾನೆಯ ಕರ್ತವ್ಯ. ಗಾಡಿಗಳಿಗೆ ಸೇವಾ ರಸ್ತೆ ಬಿಡುವುದು ಸರಕಾರದ ಕರ್ತವ್ಯ. ಎರಡೂ ಒಟ್ಟಿಗೆ ಆಗಬೇಕು.

ಇನ್ನು ನೀರಿನ ವಿಷಯ. ಸಹ್ಯಾದ್ರಿಯಲ್ಲಿ ಹುಟ್ಟುವ ವೇದಗಂಗೆ ನಿಪ್ಪಾಣಿಯ ಬಳಿ ಯಮಗರ್ಣಿಯ ಹತ್ತಿರ ಹೆದ್ದಾರಿಯನ್ನು ದಾಟುತ್ತದೆ. 2019ರ ಆಗಸ್ಟ್ ತಿಂಗಳಲ್ಲಿ, ಮತ್ತೆ 2021ರ ಜುಲೈ ತಿಂಗಳಲ್ಲಿ ಅಲ್ಲಿ ನೀರು ರಸ್ತೆಯ ಮೇಲೆ ಹರಿದು ದೇಶದ ಮುಖ್ಯ ಹೆದ್ದಾರಿಯೇ ಬಂದಾಯಿತು. ಎರಡೂ ಬದಿಗೆ ಲಾರಿಗಳು ಸಾಲುಗಟ್ಟಿ ನಿಂತವು. ಹೊರಗಿನವರು ನೆನಪಿಟ್ಟುಕೊಂಡದ್ದು ಸಂಚಾರ ನಿಂತ ಸುದ್ದಿಯನ್ನು. ನದಿದಂಡೆಯ ರೈತರು ನೆನಪಿಟ್ಟುಕೊಂಡದ್ದು ಹೊಲದಲ್ಲಿ ನಿಂತು ಕೊಳೆಸಿದ ನೀರನ್ನು. ಎತ್ತರದ ಮಣ್ಣಿನ ಏರಿ ಹಾಕಿ ರಸ್ತೆ ಒಯ್ದರೆ ಪ್ರವಾಹದ ಕಾಲಕ್ಕೆ ಆ ಏರಿಯೇ ಒಡ್ಡಿನಂತಾಗಿ ನೀರನ್ನು ಹಿಂದಕ್ಕೆ ತಳ್ಳುತ್ತದೆ. ಆದ್ದರಿಂದ ಮಣ್ಣಿನ ಏರಿ ಬೇಡ, ಕಂಬಗಳ ಮೇಲೆ ಸೇತುವೆ ಕಟ್ಟಿರಿ, ನೀರಿಗೆ ದಾರಿ ಬಿಡಿರಿ ಎಂಬ ಬೇಡಿಕೆ ಆ ದಂಡೆಯ ರೈತರಿಂದ ಬಂದಿದೆ.

ಈ ಬೇಡಿಕೆಯನ್ನು ನಾವು ಸಂಪೂರ್ಣವಾಗಿ ಬೆಂಬಲಿಸುತ್ತೇವೆ. ಕಂಬದ ಸೇತುವೆಗೆ ಖರ್ಚು ಹೆಚ್ಚು ಎಂಬುದು ನಿಜ. ಏರಿಯ ಖರ್ಚನ್ನು ಲೆಕ್ಕ ಹಾಕುವಾಗ ಮುಳುಗಿದ ಕಬ್ಬಿನ ಬೆಲೆಯನ್ನೂ, ನಿಂತ ಲಾರಿಗಳ ನಷ್ಟವನ್ನೂ ಸೇರಿಸಿ ನೋಡಬೇಕು. ನಮ್ಮಲ್ಲಿ ಇದರ ಇನ್ನೊಂದು ಮುಖವನ್ನು ಕಂಡಿದ್ದೇವೆ. 2024ರ ಜುಲೈ ತಿಂಗಳಲ್ಲಿ ಸಕಲೇಶಪುರದ ಹತ್ತಿರ ದೊಡ್ಡತಪ್ಪಲೆಯಲ್ಲಿ ಶಿರಾಡಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಸಂಚಾರ ಮತ್ತೆ ಮತ್ತೆ ನಿಂತಿತು. ಗುಡ್ಡವನ್ನು ಗೋಡೆಯಂತೆ ನೆಟ್ಟಗೆ ಕತ್ತರಿಸಿದರೆ ಮಳೆಗಾಲದಲ್ಲಿ ಅದು ಕುಳಿತೇ ಕೂರುತ್ತದೆ ಎಂಬುದನ್ನು ತೋಟದಲ್ಲಿ ಬಸಿಗಾಲುವೆ ತೆಗೆಯುವ ಆಳೂ ಬಲ್ಲ. ಅಲ್ಲಿ ಏರಿಸಿದ ಮಣ್ಣು, ಇಲ್ಲಿ ಇಳಿಸಿದ ಮಣ್ಣು. ಎರಡು ಕಡೆಯೂ ನೀರು ಎಲ್ಲಿ ಹೋಗುತ್ತದೆಂದು ಆ ನೆಲದವನನ್ನು ಕೇಳಬೇಕಾಗಿತ್ತು.

ರಸ್ತೆ ಪಕ್ಕದ ಮೂರ್ತಿ

ಮೂರನೆಯದು ಮೂರ್ತಿಗಳ ವಿಷಯ. ಗಡಿನಾಡಾದ್ದರಿಂದ ಇದನ್ನು ಮೆಲ್ಲಗೆ ಹೇಳಬೇಕು. ಬೆಳಗಾವಿ ಜಿಲ್ಲೆಯಲ್ಲಿ ಬಸವಣ್ಣ, ಚನ್ನಮ್ಮ, ಶಿವಾಜಿ, ರಾಯಣ್ಣ, ಅಂಬೇಡ್ಕರ್ ಎಲ್ಲರಿಗೂ ಜನರ ಎದೆಯಲ್ಲಿ ಜಾಗವಿದೆ. ಜಗಳ ಬರುವುದು ವೃತ್ತದಲ್ಲಿ ಜಾಗ ಯಾರಿಗೆ ಎಂದಾಗ. 2020ರ ಆಗಸ್ಟ್ ತಿಂಗಳಲ್ಲಿ ಬೆಳಗಾವಿಯ ಹತ್ತಿರದ ಪೀರನವಾಡಿಯಲ್ಲಿ ಸಂಗೊಳ್ಳಿ ರಾಯಣ್ಣನ ಮೂರ್ತಿಯ ಸಲುವಾಗಿ ಉದ್ವೇಗ ಉಂಟಾಗಿ, ಕೊನೆಗೆ ಮೂರ್ತಿ ರಾಯಣ್ಣನದು, ವೃತ್ತದ ಹೆಸರು ಶಿವಾಜಿಯದು ಎಂಬ ಒಪ್ಪಂದಕ್ಕೆ ಬಂದರು. ಊರವರು ಕುಳಿತು ಮಾತನಾಡಿದರೆ ದಾರಿ ಸಿಗುತ್ತದೆ ಎಂಬುದಕ್ಕೆ ಅದೇ ಸಾಕ್ಷಿ. ಮುಂದಿನ ವರ್ಷದ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಶಿವಾಜಿಯ ಮೂರ್ತಿಗೂ ಬೆಳಗಾವಿಯಲ್ಲಿ ರಾಯಣ್ಣನ ಮೂರ್ತಿಗೂ ಅವಮಾನವಾದಾಗ ಅದೇ ವಿಷಯ ಮತ್ತೆ ಕೆರಳಿತು. ಹೀಗೆ ಕೆರಳಿದಾಗಲೆಲ್ಲ ಮೊದಲು ನಿಲ್ಲುವುದು ಬಸ್ಸು, ಮುಚ್ಚುವುದು ಸಂತೆ. ಮಾರಲು ಮಾಲು ತಂದ ರೈತ ಯಾವ ಭಾಷೆಯವನಾದರೂ ಕೈಚೆಲ್ಲಿ ಮನೆಗೆ ಹೋಗುತ್ತಾನೆ.

ಸರ್ವೋಚ್ಚ ನ್ಯಾಯಾಲಯ 2013ರ ಜನವರಿ 18ರಂದು, ಸಾರ್ವಜನಿಕ ರಸ್ತೆ, ಕಾಲುದಾರಿ ಮತ್ತು ಸಾರ್ವಜನಿಕ ಉಪಯೋಗದ ಜಾಗಗಳಲ್ಲಿ ಇನ್ನು ಮುಂದೆ ಪ್ರತಿಮೆ ನಿಲ್ಲಿಸಲು ರಾಜ್ಯ ಸರಕಾರಗಳು ಅನುಮತಿ ಕೊಡಬಾರದೆಂದು ಆದೇಶ ಮಾಡಿದೆ. ಇದು ಯಾರ ಅಭಿಮಾನಕ್ಕೂ ವಿರುದ್ಧವಾದುದಲ್ಲ. ವೃತ್ತ ಇರುವುದು ಗಾಡಿ ತಿರುಗುವುದಕ್ಕೆ. ಮಹನೀಯರ ಮೂರ್ತಿಯನ್ನು ಹೊಗೆ, ಧೂಳು, ಹಾರ್ನುಗಳ ನಡುವೆ ನಿಲ್ಲಿಸಿ ವರ್ಷಕ್ಕೊಂದು ಸಲ ಹಾರ ಹಾಕುವುದಕ್ಕಿಂತ, ಶಾಲೆಯ ಅಂಗಳದಲ್ಲೋ ಉದ್ಯಾನದಲ್ಲೋ ಮಕ್ಕಳು ಹತ್ತಿರ ಹೋಗಿ ನೋಡುವಂತೆ ಇಡುವುದು ಹೆಚ್ಚಿನ ಗೌರವ.

ರಸ್ತೆ ಪಕ್ಕ ಕಲೆಯೇ ಬೇಡವೆಂದು ಇದರ ಅರ್ಥವಲ್ಲ. ನಮ್ಮ ಹಿರಿಯರು ಊರ ಬಾಗಿಲಲ್ಲಿ ವೀರಗಲ್ಲು ನಿಲ್ಲಿಸುತ್ತಿದ್ದರು. ತುರು ಕಾಯಲು ಹೋಗಿ ಸತ್ತವನು, ಊರನ್ನು ಉಳಿಸಲು ಕಾದಿ ಮಡಿದವನು ಅದರಲ್ಲಿ ಕಾಣುತ್ತಾನೆ. ಅವನು ಅರಸನಾಗಬೇಕಿರಲಿಲ್ಲ. ಆ ಊರಿಗಾಗಿ ಸತ್ತಿದ್ದರೆ ಸಾಕಿತ್ತು.

ನಿಪ್ಪಾಣಿಯ ಹೆದ್ದಾರಿಗೆ ಅಂಥ ಕಥೆಯೊಂದಿದೆ. 1981ರ ಮಾರ್ಚ್ 14ರಂದು ತಂಬಾಕಿಗೆ ನ್ಯಾಯವಾದ ಬೆಲೆ ಬೇಡಿ ಸಾವಿರಾರು ರೈತರು ಶರದ್ ಜೋಶಿಯವರ ನೇತೃತ್ವದಲ್ಲಿ ಪುಣೆ-ಬೆಂಗಳೂರು ರಸ್ತೆಯ ಮೇಲೆಯೇ ಕುಳಿತರು. ಹೆಂಗಸರು, ಮಕ್ಕಳು ಬಂದರು. ರಸ್ತೆಯ ಮೇಲೆ ಒಂದು ಊರೇ ಎದ್ದಿತು. ಅದಕ್ಕೆ ಆಂದೋಲನ ನಗರವೆಂಬ ಹೆಸರಾಯಿತು. ಮೂರು ವಾರ ದಾಟಿ, ಏಪ್ರಿಲ್ 6ರಂದು ಪೊಲೀಸರು ಗೋಲಿಬಾರು ಮಾಡಿದಾಗ 12 ಮಂದಿ ರೈತರು ಸತ್ತರು. ಅದಕ್ಕೆ ಹಿಂದಿನ ವರ್ಷ, 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಗುಂಡಿಗೆ ಬಲಿಯಾಗಿದ್ದರು. ನರಗುಂದದಲ್ಲಿ ಮಡಿದ ರೈತನಿಗೆ ವೀರಗಲ್ಲನ್ನೇ ನಿಲ್ಲಿಸಿದ್ದಾರೆ, ಪ್ರತಿ ವರ್ಷ ಜುಲೈ 21ರಂದು ರೈತರು ಅಲ್ಲಿ ಸೇರುತ್ತಾರೆ. ನಿಪ್ಪಾಣಿಯಲ್ಲಿಯೂ ಏಪ್ರಿಲ್ 6ರಂದು ಮಡಿದವರನ್ನು ನೆನೆಯುತ್ತಾರೆ.

ಇಂದು ಆರು ಪಥದ ಮೇಲೆ ಹೋಗುವ ಪ್ರಯಾಣಿಕನಿಗೆ, ಈ ಡಾಂಬರಿನ ಮೇಲೆ ರೈತರು ಬೆಲೆಗಾಗಿ ಕುಳಿತಿದ್ದರು, ಇಲ್ಲಿ ರಕ್ತ ಬಿದ್ದಿತ್ತು ಎಂಬುದು ತಿಳಿಯುವ ಬಗೆ ಹೇಗೆ? ಹೆದ್ದಾರಿ ಅಗಲಿಸುವಾಗ ಇಂಥ ನೆನಪಿನ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿ, ರಸ್ತೆಯಿಂದ ಒಳಗೆ, ಗಾಡಿ ನಿಲ್ಲಿಸಬಹುದಾದ ಕಡೆ, ಮಡಿದವರ ಹೆಸರು, ತಾರೀಖು, ಕಾರಣಗಳನ್ನು ಬರೆದ ಕಲ್ಲನ್ನು ಎಲ್ಲರಿಗೂ ಕಾಣುವಂತೆ ನಿಲ್ಲಿಸಬೇಕು. ಮೊದಲು ಕನ್ನಡದಲ್ಲಿ, ಪಕ್ಕದಲ್ಲಿ ಮರಾಠಿಯಲ್ಲಿಯೂ ಬರೆಯಲಿ. ಅಂದು ರಸ್ತೆಯ ಮೇಲೆ ಎರಡೂ ಭಾಷೆಯ ರೈತರು ಒಟ್ಟಿಗೆ ಕುಳಿತಿದ್ದರು.

ಊರಿನ ಕೆಲಸವನ್ನು ತೋರಿಸುವುದೂ ಕಲೆಯೇ. ಅಥಣಿ, ನಿಪ್ಪಾಣಿಯ ಕಡೆಯ ಕುಶಲಕರ್ಮಿಗಳು ಮಾಡುವ ಚಪ್ಪಲಿ ಕೊಲ್ಲಾಪುರಿ ಎಂಬ ಹೆಸರಿನಿಂದ ಮಾರಾಟವಾಗುತ್ತದೆ. 2019ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಸೇರಿದವು. 2025ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಪ್ರದರ್ಶನದಲ್ಲಿ ಅದೇ ಬಗೆಯ ಚಪ್ಪಲಿಯನ್ನು ತೋರಿಸಿದಾಗ ದೇಶದ ಪತ್ರಿಕೆಗಳೆಲ್ಲ ಬರೆದವು. ಮಿಲಾನಿನವರು ಕಂಡ ಆ ಕೆಲಸ ಅಥಣಿಯ ದಾರಿಯಲ್ಲಿ ಹೋಗುವವನ ಕಣ್ಣಿಗೂ ಬೀಳಬೇಡವೇ? ಚರ್ಮ ಕುಯ್ಯುವ ಕೈಯ ಒಂದು ಶಿಲ್ಪ, ಅದರ ಬಳಿಯಲ್ಲಿ ಮಾಡಿದವನೇ ಕುಳಿತು ಮಾರುವ ನಾಲ್ಕು ಮಳಿಗೆಗಳು ಇದ್ದರೆ ಅದು ಅಲಂಕಾರವೂ ಆಯಿತು, ಅನ್ನವೂ ಆಯಿತು.

ನಮ್ಮ ಸದಸ್ಯರು ಮಾಡಬೇಕಾದದ್ದು

ಇಷ್ಟು ಹೇಳಿದ್ದು ಬರಿಯ ಸಹಾನುಭೂತಿಗಾಗಿ ಅಲ್ಲ. ಮಲೆನಾಡಿನಲ್ಲಿಯೂ ರಸ್ತೆಗಳು ಅಗಲವಾಗುತ್ತಿವೆ. ಎರಡು ಮೂರು ಎಕರೆಯ ನಮ್ಮ ಬೆಳೆಗಾರರ ತೋಟದ ನಡುವೆ ಗೂಟ ನೆಟ್ಟ ಮೇಲೆ ಎಚ್ಚರವಾದರೆ ಪ್ರಯೋಜನವಿಲ್ಲ. ಆದ್ದರಿಂದ ಕೆಲವು ಸಂಗತಿಗಳನ್ನು ಸದಸ್ಯರ ಗಮನಕ್ಕೆ ತರಬಯಸುತ್ತೇವೆ.

ರಾಷ್ಟ್ರೀಯ ಹೆದ್ದಾರಿಗಳ ಕಾಯ್ದೆ, 1956ರ ಪ್ರಕಾರ ಭೂಮಿ ವಶಪಡಿಸಿಕೊಳ್ಳುವ ಉದ್ದೇಶವನ್ನು 3ಎ ಕಲಮಿನ ಅಧಿಸೂಚನೆಯಿಂದ ಪ್ರಕಟಿಸಬೇಕು. ಅದರ ಸಾರಾಂಶ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಬರಬೇಕು. ಅವುಗಳಲ್ಲಿ ಒಂದು ಸ್ಥಳೀಯ ಭಾಷೆಯ ಪತ್ರಿಕೆಯಾಗಿರಬೇಕು. ಅಧಿಸೂಚನೆ ಪ್ರಕಟವಾದ 21 ದಿನಗಳೊಳಗೆ 3ಸಿ ಕಲಮಿನ ಪ್ರಕಾರ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಸಕ್ಷಮ ಪ್ರಾಧಿಕಾರಿ ನಿಮ್ಮ ಮಾತು ಕೇಳಲೇಬೇಕು, ವಕೀಲರ ಮೂಲಕವೂ ಹೇಳಿಸಬಹುದು. ಆಕ್ಷೇಪಣೆಯನ್ನು ತಳ್ಳಿಹಾಕುವ ಅಧಿಕಾರವೂ ಅವರಿಗಿದೆ, ಅವರ ಆದೇಶವೇ ಅಂತಿಮ. ಮುಂದೆ 3ಡಿ ಕಲಮಿನ ಘೋಷಣೆಯಾದರೆ ಭೂಮಿ ಸರಕಾರದ್ದಾಗಿಬಿಡುತ್ತದೆ. 21 ದಿನವೆಂದರೆ ಕೊಯ್ಲಿನ ಕಾಲದಲ್ಲಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕಳೆಯುವ ಅವಧಿ.

ಪರಿಹಾರವೆಂದರೆ ಕೇವಲ ಗುಂಟೆಗೆ ಇಷ್ಟು ಎಂಬ ಲೆಕ್ಕವಲ್ಲ. ರಸ್ತೆ ಬಂದು ತೋಟ ಇಬ್ಭಾಗವಾದರೆ ಆ ಬೇರ್ಪಡೆಯಿಂದಾಗುವ ನಷ್ಟವನ್ನೂ, ಉಳಿದ ಆಸ್ತಿಗೆ ಅಥವಾ ಗಳಿಕೆಗೆ ಆಗುವ ಹಾನಿಯನ್ನೂ 3ಜಿ ಕಲಮಿನ ಪ್ರಕಾರ ಪರಿಗಣಿಸಬೇಕು. ಬಾವಿ ಈ ಕಡೆ, ಅಡಿಕೆ ಆ ಕಡೆ. ಕಣ ಈ ಕಡೆ, ಕಾಫಿ ಆ ಕಡೆ ಆಗುವುದು ನಮ್ಮಲ್ಲಿ ಸಾಮಾನ್ಯ. ಇದನ್ನು ಬರೆದು ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ. ನಿಗದಿಯಾದ ಮೊತ್ತ ಒಪ್ಪಿಗೆಯಾಗದಿದ್ದರೆ ಮಧ್ಯಸ್ಥಗಾರರ ಮುಂದೆ ಹೋಗಲು ಅವಕಾಶವಿದೆ.

ನೀರಿನ ವಿಷಯದಲ್ಲಿ ಪ್ರತಿಯೊಬ್ಬರೂ ಈ ಮಳೆಗಾಲದಲ್ಲಿಯೇ ಒಂದು ಕೆಲಸ ಮಾಡಬಹುದು. ತೋಟದ ಪಕ್ಕದ ಮೋರಿ ಎಲ್ಲಿದೆ, ಜೋರು ಮಳೆಗೆ ನೀರು ಯಾವ ಎತ್ತರಕ್ಕೆ ಬರುತ್ತದೆ, ಧರೆ ಎಲ್ಲಿ ಬಿರಿದಿದೆ, ದನ ಎಲ್ಲಿ ದಾಟುತ್ತವೆ, ಯಾವ ಹಳೆಯ ಮರ, ಯಾವ ವೀರಗಲ್ಲು ಎಲ್ಲಿದೆ ಎಂಬುದನ್ನು ತಾರೀಖು ಹಾಕಿ ಫೋಟೋ ತೆಗೆದು ಇಟ್ಟುಕೊಳ್ಳಬೇಕು. ಗ್ರಾಮ ಸಭೆಯಲ್ಲಿ ಅದನ್ನು ಮಂಡಿಸಿ ನಡಾವಳಿಯಲ್ಲಿ ದಾಖಲು ಮಾಡಿಸಬೇಕು. ಎಂಜಿನಿಯರರಿಗೆ ಬಾಯಿಮಾತಿನಲ್ಲಿ ಹೇಳಿದ್ದು ಜೀಪು ಹೊರಟ ಕೂಡಲೇ ಮರೆತುಹೋಗುತ್ತದೆ. ನಡಾವಳಿಯ ನಕಲು ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ.

ಸರಕಾರ ಮಾಡಿದ್ದೇ ಮಾಡುತ್ತದೆ, ನಾವು ಹೇಳಿ ಏನಾಗಬೇಕು ಎಂದು ಬೇಸರಿಸುವವರು ನಮ್ಮಲ್ಲಿ ಬಹಳ. ಒಬ್ಬ ಬೆಳೆಗಾರನ ಅರ್ಜಿ ಕಡತದ ಅಡಿಗೆ ಹೋಗುವುದುಂಟು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಒಂದೇ ನಕ್ಷೆಯ ಮೇಲೆ ನೂರು ಜನ ಸಹಿ ಹಾಕಿದ ಅರ್ಜಿಯನ್ನು ಹಾಗೆ ಮಾಡುವುದು ಕಷ್ಟ. ಒಬ್ಬನ ಐದು ಮೂಟೆಗೆ ಪೇಟೆಯಲ್ಲಿ ದರ ಸಿಗದಿದ್ದಾಗ ಎಲ್ಲರ ಮೂಟೆಯನ್ನೂ ಒಟ್ಟು ಸೇರಿಸಿ ಮಾರೋಣವೆಂದು ಹೊರಟವರೇ ಸಹಕಾರಿ ಸಂಘ ಕಟ್ಟಿದರು. ರಸ್ತೆಯ ವಿಷಯದಲ್ಲಿಯೂ ಅದೇ ಕ್ರಮ ನಡೆಯಬೇಕು.

ಆದ್ದರಿಂದ ಪ್ರತಿಯೊಂದು ಶಾಖೆಯಲ್ಲಿಯೂ ತನ್ನ ವ್ಯಾಪ್ತಿಯ ರಸ್ತೆ ಯೋಜನೆಗಳ ಒಂದು ಕಡತವನ್ನು ಇಡಬೇಕೆಂದೂ, ಪತ್ರಿಕೆಗಳಲ್ಲಿ ಬರುವ ಅಧಿಸೂಚನೆಗಳನ್ನು ಗಮನಿಸಿ ಸದಸ್ಯರಿಗೆ ಆ ವಾರದಲ್ಲಿಯೇ ತಿಳಿಸಬೇಕೆಂದೂ ನಾವು ಸೂಚಿಸುತ್ತೇವೆ. ಬರುವ ಸರ್ವಸಾಧಾರಣ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ. ವೇದಗಂಗೆಯ ದಂಡೆಯ ರೈತರ ಕಂಬದ ಸೇತುವೆಯ ಬೇಡಿಕೆಗೆ ನಮ್ಮ ಬೆಂಬಲವನ್ನು ಸೂಚಿಸುವ ಒಂದು ಠರಾವನ್ನೂ ಅದೇ ಸಭೆಯಲ್ಲಿ ಮಂಜೂರು ಮಾಡಿ ಕಳುಹಿಸಬಹುದು. ನಾಳೆ ನಮ್ಮ ಘಟ್ಟದ ಗುಡ್ಡದ ಪರವಾಗಿ ಮಾತನಾಡಲು ಅವರ ದನಿಯೂ ನಮಗೆ ಬೇಕಾದೀತು. ಸದಸ್ಯ ಬಾಂಧವರು ತಮ್ಮ ಊರಿನ ರಸ್ತೆಯ ಸಂಗತಿಗಳನ್ನು ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಗಳಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.